ಮೊದಲ ಕೀಮೋಗೆ ಮುಂಚೆ ಕೇಳಿ

ಮನೆಯ ಹುಡುಗಿಗೆ ಕ್ಯಾನ್ಸರ್ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಬದುಕ್ತಾಳಾ ಅಂತ. ಸರಿಯೇ. ಆದರೆ ಮುಂದೆ ಮಕ್ಕಳಾಗುತ್ತಾ ಅನ್ನೋ ಪ್ರಶ್ನೆ? ಮದುವೆಯಾಗದವಳ ಎದುರು ಅದನ್ನ ಎತ್ತೋಕೆ ಅಪ್ಪ-ಅಮ್ಮನಿಗೆ ಸಂಕೋಚ, ಡಾಕ್ಟರಿಗೆ ಪುರುಸೊತ್ತಿಲ್ಲ. ಸೈಕ್ಲೋಫಾಸ್ಫಮೈಡ್‌ನಂಥ ಔಷಧ ಅಂಡಾಶಯಕ್ಕೇ ಪೆಟ್ಟು ಕೊಡುತ್ತೆ. ಕೀಮೋಗೆ ಮುಂಚೆ ಅಂಡಾಣು ತೆಗೆದು ಫ್ರೀಜ್ ಮಾಡಿಡಬಹುದು, ಸುಮಾರು 2 ವಾರದ ಕೆಲಸ. ಹುಡುಗರು ವೀರ್ಯ ಕೊಟ್ಟು ಬರೋಕೆ ಒಂದು ದಿನ ಸಾಕು. ಎಲ್ಲ ಕ್ಯಾನ್ಸರೂ 2 ವಾರ ಕಾಯಲ್ಲ, ನಿಜ. ಕಾಯಬಹುದಾ ಅಂತ ಹೇಳಬೇಕಾದವರು ವೈದ್ಯರು. ಅವರು 'ಅದೆಲ್ಲ ಆಮೇಲೆ' ಅಂದ್ರೆ ಬಯಾಪ್ಸಿ ಸ್ಲೈಡು, ರಿಪೋರ್ಟು ಇಸ್ಕೊಂಡು ತಕ್ಷಣ ಇನ್ನೊಬ್ಬ ತಜ್ಞರ ಹತ್ರ ಹೋಗಿ. ಅದು ರೋಗಿಯ ಹಕ್ಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ಸನ್ನದಿನಲ್ಲೇ ಇದೆ. ಡಾಕ್ಟರು ಬೇಜಾರು ಮಾಡ್ಕೋತಾರೆ ಅಂತೀರಾ? ಮಾಡ್ಕೊಳ್ಳಲಿ ಬಿಡಿ.