ನಮ್ಮವರನ್ನು ಕೇಳುವುದು



ಉದ್ಘಾಟನೆಗೆ ಬಂದ ಸಚಿವರು ದೀಪ ಹಚ್ಚಿ, ನಾಲ್ಕು ಒಳ್ಳೆಯ ಮಾತಾಡಿ, ಇನ್ನೊಂದು ಕಾರ್ಯಕ್ರಮವಿದೆಯೆಂದು ಹೊರಟರು. ‘ಆಳುವವರನ್ನು ಪ್ರಶ್ನಿಸುವುದು ದೇಶಭಕ್ತಿಯೇ?’ ಎಂಬ ವಿಷಯವಿಟ್ಟುಕೊಂಡ ಸಮ್ಮೇಳನದಲ್ಲಿ ಪ್ರಶ್ನೆಗಳು ಶುರುವಾಗುವ ಮೊದಲೇ ಅವರು ಎದ್ದುಹೋದದ್ದಕ್ಕೆ ನನ್ನ ತಕರಾರಿಲ್ಲ. ನಾನು ಕೇಳಬೇಕೆಂದಿರುವುದು ಇಲ್ಲಿ ಉಳಿದವರನ್ನು.

ಶಿವಮೊಗ್ಗ ಜಿಲ್ಲೆಯ ನೆಲದಲ್ಲಿ ನಿಂತು ಈ ಮಾತೆತ್ತುವವನು ಕಾಗೋಡಿನಿಂದಲೇ ಶುರುಮಾಡಬೇಕು. 1951ರ ಮಾತು. ಸಾಗರ ತಾಲ್ಲೂಕಿನ ಆ ಊರಿನ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ಎತ್ತಿದ್ದು ಒಂದು ಅಳತೆಯ ಪ್ರಶ್ನೆ. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು? ಒಡೆಯರ ಅಂಗಳದ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ಅವರ ದೂರು. ವರ್ಷವಿಡೀ ಗೇಯ್ದು ಬೆಳೆದದ್ದು ಆ ಕೊಳಗದ ಬಾಯಿಗೆ ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಒಟ್ಟುಗೂಡಿಸಿದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಬೆನ್ನಿಗೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಲಾಯಿತು.

ಈ ಕಥೆ ನಿಮಗೆಲ್ಲ ಗೊತ್ತು. ಆದರೆ ಆಗ ಮೈಸೂರನ್ನು ಆಳುತ್ತಿದ್ದವರು ಯಾರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕೆ.ಸಿ. ರೆಡ್ಡಿಯವರ ಸರ್ಕಾರ. 1947ರ ‘ಮೈಸೂರು ಚಲೋ’ ಚಳವಳಿಯನ್ನು ಮುನ್ನಡೆಸಿ, ಅರಮನೆಯ ಕೈಯಿಂದ ಜವಾಬ್ದಾರಿ ಸರ್ಕಾರವನ್ನು ಕಿತ್ತು ತಂದವರು. ಅವರ ದೇಶಭಕ್ತಿಯನ್ನು ಶಂಕಿಸುವ ಬಾಯಿ ಯಾರಿಗಿತ್ತು? ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ತುಂಬಿರಲಿಲ್ಲ. ಮೊದಲ ಮಹಾಚುನಾವಣೆಯೇ ಮುಗಿದಿರಲಿಲ್ಲ. ‘ದೇಶ ಈಗ ತಾನೇ ಕಣ್ಣುಬಿಡುತ್ತಿದೆ, ಸ್ವಲ್ಪ ತಾಳಿ’ ಎನ್ನಲು ಅದಕ್ಕಿಂತ ಒಳ್ಳೆಯ ಕಾಲ ಬೇರೆ ಇರಲಾರದು. ಕಾಗೋಡಿನವರು ತಾಳಲಿಲ್ಲ. ಅವರು ಜೈಲಿಗೆ ಹೋದರು. ಮರುವರ್ಷ ಗೋಪಾಲಗೌಡರು ವಿಧಾನಸಭೆಗೆ ಹೋದರು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾದದ್ದು 1974ರ ಮಾರ್ಚ್ 1ರಂದು. ಒಂದು ಪ್ರಶ್ನೆಗೆ ಕಾನೂನಿನ ಉತ್ತರ ಸಿಗಲು 23 ವರ್ಷ ಹಿಡಿಯಿತು.

ಹಾಗಾದರೆ ಕಾಗೋಡಿನ ರೈತರು ಕೇಳಿದ್ದು ದೇಶಭಕ್ತಿಯಿಂದಲೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಕೇಳಿದ್ದು ಭತ್ತಕ್ಕಾಗಿ, ಮಾನಕ್ಕಾಗಿ. ಅದು ಸಾಕು. ಪಡಿತರ ಯಾಕೆ ಬಂದಿಲ್ಲ ಎಂದು ಕೇಳುವ ಹೆಂಗಸು ತಾನು ದೇಶಭಕ್ತೆ ಎಂದು ಮೊದಲು ಸಾಬೀತು ಮಾಡಬೇಕಾಗಿಲ್ಲ. ಈ ಸಮ್ಮೇಳನದ ವಿಷಯದ ಬಗ್ಗೆ ನನಗಿರುವ ಸಣ್ಣ ಅಸಮಾಧಾನ ಇದೇ. ಕೇಳುವವನನ್ನು ದೇಶದ್ರೋಹಿ ಎನ್ನುವುದು ಎಷ್ಟು ಸುಳ್ಳೋ, ಕೇಳಿದ ಮಾತ್ರಕ್ಕೆ ಅವನ ಕೊರಳಿಗೆ ದೇಶಭಕ್ತಿಯ ಹಾರ ಹಾಕುವುದೂ ಅಷ್ಟೇ ಅವಸರದ್ದು.

ಕೇಳುವುದು ಯಾವಾಗ ದೇಶದ ಕೆಲಸವಾಗುತ್ತದೆ? ನಮ್ಮವರನ್ನು ಕೇಳಿದಾಗ. ನಾವು ಓಟು ಹಾಕಿದವರನ್ನು, ನಮ್ಮ ಜಾತಿಯವರನ್ನು, ನಮ್ಮ ಪಕ್ಷದ ಬಾವುಟದ ಕೆಳಗೆ ಗೆದ್ದವರನ್ನು ಕೇಳಿದಾಗ.

ಫಿರೋಜ್ ಗಾಂಧಿ ಕಾಂಗ್ರೆಸ್ಸಿನ ಸಂಸದರು, ಪ್ರಧಾನಿ ನೆಹರೂ ಅವರ ಅಳಿಯ. 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು, ಜೀವವಿಮಾ ನಿಗಮ ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳಲ್ಲಿ 1.24 ಕೋಟಿ ರೂಪಾಯಿ ಯಾಕೆ ತೊಡಗಿಸಿತು ಎಂದು ಸ್ವಂತ ಸರ್ಕಾರವನ್ನೇ ಕೇಳಿದರು. ನ್ಯಾಯಮೂರ್ತಿ ಚಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1958ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು. ಮನೆಯೊಳಗಿನ ಮುಜುಗರ ಎಷ್ಟಿತ್ತೋ ನಾವು ಊಹಿಸಬಹುದು.

ಯುದ್ಧ ನಡೆಯುವಾಗಲೂ ಕೇಳಬಹುದೇ? ಇದು ನ್ಯಾಯವಾದ ಅಡ್ಡಪ್ರಶ್ನೆ. 1962ರಲ್ಲಿ ಚೀನಾದ ಸೇನೆ ಒಳನುಗ್ಗಿತ್ತು. ಆಗಲೇ ಸಂಸತ್ತಿನ ಅಧಿವೇಶನ ಕರೆಯಿರಿ ಎಂದು ಪಟ್ಟುಹಿಡಿದವರಲ್ಲಿ ಮೂವತ್ತರ ಹರೆಯದ ಅಟಲ ಬಿಹಾರಿ ವಾಜಪೇಯಿ ಒಬ್ಬರು. ನೆಹರೂ ಒಪ್ಪಿದರು. ನವೆಂಬರ್ 8ರಂದು ಸದನ ಸೇರಿ ಸರ್ಕಾರದ ಸಿದ್ಧತೆಯನ್ನು ಚೆನ್ನಾಗಿಯೇ ಜಾಲಾಡಿತು. ರಕ್ಷಣಾ ಖಾತೆ ನೋಡಿಕೊಂಡಿದ್ದ ಕೃಷ್ಣ ಮೆನನ್ ಅದರ ಹಿಂದಿನ ದಿನವಷ್ಟೇ ಸಂಪುಟ ಬಿಟ್ಟಿದ್ದರು. ಆ ಟೀಕೆಯಿಂದ ಗಡಿಯಲ್ಲಿದ್ದ ಸೈನಿಕನಿಗೆ ಕೇಡಾಗಲಿಲ್ಲ. ಅವನ ಕಾಲಿಗೆ ಸರಿಯಾದ ಬೂಟು ಯಾಕಿಲ್ಲ ಎಂದು ಕೇಳುವವರು ದಿಲ್ಲಿಯಲ್ಲಿ ಇದ್ದರು, ಅಷ್ಟೆ.

ಇನ್ನು ನಮ್ಮ ಎಚ್.ಎಸ್. ದೊರೆಸ್ವಾಮಿ. 1918ರಲ್ಲಿ ಹುಟ್ಟಿದವರು. ಕ್ವಿಟ್ ಇಂಡಿಯಾ ಕಾಲದಲ್ಲಿ ಬ್ರಿಟಿಷರ ಕೆಳಗೆ ಜೈಲು ಕಂಡರು. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು ಮತ್ತೆ ಜೈಲು ಕಂಡರು. ನೂರರ ಹತ್ತಿರ ಬಂದ ಮೇಲೂ ಬೆಂಗಳೂರಿನ ಭೂಗಳ್ಳತನದ ವಿರುದ್ಧ, ಬಡವರ ನಿವೇಶನಕ್ಕಾಗಿ, ಯಾವ ಪಕ್ಷ ಗದ್ದುಗೆಯಲ್ಲಿದ್ದರೂ ಧರಣಿ ಕೂತರು. 2021ರ ಮೇ ತಿಂಗಳಲ್ಲಿ ತೀರಿಕೊಳ್ಳುವುದಕ್ಕೆ ಸುಮಾರು ಒಂದೂಕಾಲು ವರ್ಷ ಮೊದಲು ಈ ಮನುಷ್ಯನನ್ನು ಪಾಕಿಸ್ತಾನದ ಏಜೆಂಟ್ ಎಂದು ಕರೆದದ್ದನ್ನೂ ನಾವು ಕೇಳಿಸಿಕೊಂಡೆವು. ಕರೆದವರ ಹೆಸರು ನನಗೆ ಮುಖ್ಯವಲ್ಲ. ಕೇಳಿ ಸುಮ್ಮನಿದ್ದ ನಾವು ಮುಖ್ಯ.

ದ್ರೋಹ ಎಂಬ ಮಾತನ್ನು ನಮ್ಮ ಕಾನೂನಿಗೆ ಹಾಕಿದವರು ಪರದೇಶದವರು. ದಂಡಸಂಹಿತೆಗೆ ರಾಜದ್ರೋಹದ 124-ಎ ಕಲಮು ಸೇರಿದ್ದು 1870ರಲ್ಲಿ. ತಿಲಕರನ್ನು ಮಾಂಡಲೆಗೆ ಕಳಿಸಿದ್ದು, 1922ರಲ್ಲಿ ಗಾಂಧಿಯವರಿಗೆ ಆರು ವರ್ಷ ಶಿಕ್ಷೆ ವಿಧಿಸಿದ್ದು ಅದೇ ಕಲಮು. ಸಂವಿಧಾನ ಸಭೆ 1948ರಲ್ಲಿ ಕೆ.ಎಂ. ಮುನ್ಷಿಯವರ ಸೂಚನೆಯ ಮೇರೆಗೆ, ವಾಕ್‌ಸ್ವಾತಂತ್ರ್ಯಕ್ಕೆ ಹಾಕುವ ಕಟ್ಟುಗಳ ಪಟ್ಟಿಯಿಂದ ರಾಜದ್ರೋಹವನ್ನು ಕಿತ್ತುಹಾಕಿತು. ಕಲಮು ಮಾತ್ರ ಪುಸ್ತಕದಲ್ಲಿ ಉಳಿಯಿತು. 1962ರ ಕೇದಾರನಾಥ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹಿಂಸೆಗೆ ಪ್ರಚೋದಿಸದ ಸರ್ಕಾರಟೀಕೆ ಅಪರಾಧವಲ್ಲ ಎಂದಿತು. 2022ರ ಮೇನಲ್ಲಿ ಅದೇ ಕೋರ್ಟು ಕಲಮನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 152ನೇ ಕಲಮು ಹಳೆಯದರ ನೆಂಟನೇ ಎಂಬುದು ನನ್ನ ಅಭಿಪ್ರಾಯ. ವಕೀಲ ಮಿತ್ರರು ನಾಳಿನ ಗೋಷ್ಠಿಯಲ್ಲಿ ಜಗಳವಾಡಲಿ.

ಕಾನೂನಿನ ಇನ್ನೊಂದು ಮುಖವನ್ನೂ ನೋಡಬೇಕು. ಮಾಹಿತಿ ಹಕ್ಕು ಕಾಯ್ದೆ, 2005. ಅದಕ್ಕೂ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ಕೇಂದ್ರದ ಕಾಯ್ದೆಯ 6(2)ನೇ ಕಲಮು ನನಗೆ ಬಹಳ ಇಷ್ಟ. ಮಾಹಿತಿ ಯಾಕೆ ಬೇಕು ಎಂದು ಅರ್ಜಿದಾರನಿಂದ ಕಾರಣ ಕೇಳುವಂತಿಲ್ಲ ಎನ್ನುತ್ತದೆ ಅದು. ನೀನು ಯಾರ ಕಡೆಯವನು, ನಿನ್ನ ಉದ್ದೇಶವೇನು ಎಂಬ ತಪಾಸಣೆಗೆ ಅಲ್ಲಿ ಜಾಗವಿಲ್ಲ. ಟೀವಿ ಸ್ಟುಡಿಯೋಗಳ ಗೋಡೆಗೆ ಈ ಕಲಮನ್ನು ಕಟ್ಟು ಹಾಕಿಸಿ ತೂಗುಹಾಕಬೇಕು. ಇನ್ನೊಂದು ತಮಾಷೆ: ಜಿಜ್ಞಾಸೆಯ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯ ಎಂದು ಸಂವಿಧಾನದಲ್ಲಿ ಬರೆದದ್ದು 1976ರ 42ನೇ ತಿದ್ದುಪಡಿ. ಅಂದರೆ ತುರ್ತುಪರಿಸ್ಥಿತಿಯಲ್ಲಿ, ಜಿಜ್ಞಾಸೆ ಮಾಡಿದವರು ಜೈಲಿನಲ್ಲಿದ್ದಾಗ!

ಈಗ ನಮ್ಮ ಕಡೆಗೆ. ಇವತ್ತು ಪ್ರಶ್ನೆಗಳಿಗೆ ಬರವಿಲ್ಲ, ಎಲ್ಲರ ಕೈಯಲ್ಲೂ ಫೋನಿದೆ. ಆದರೆ ಐದು ವರ್ಷ ಬೊಬ್ಬೆ ಹೊಡೆದವನು ತನ್ನ ಪಕ್ಷ ಗೆದ್ದ ಮರುದಿನ ಮೌನವ್ರತ ಹಿಡಿಯುತ್ತಾನೆ. ಅವತ್ತಿನವರೆಗೆ ಭಜನೆ ಮಾಡುತ್ತಿದ್ದವನಿಗೆ ಅದೇ ದಿನ ಪ್ರಜಾಪ್ರಭುತ್ವ ನೆನಪಾಗುತ್ತದೆ. ರಸ್ತೆಯ ಗುಂಡಿ ಅದೇ, ಆಸ್ಪತ್ರೆಯಲ್ಲಿ ಇಲ್ಲದ ಔಷಧ ಅದೇ. ಇದಕ್ಕೆ ಗುತ್ತಿಗೆ ಕೂಗು ಎನ್ನಬೇಕು, ಪ್ರಶ್ನೆ ಎನ್ನಬಾರದು. ಬೈಗುಳವೂ ಪ್ರಶ್ನೆಯಲ್ಲ, ಅದಕ್ಕೆ ಯಾವ ಸಚಿವನೂ ಉತ್ತರ ಕೊಡಬೇಕಾಗಿಲ್ಲ. ಕೊಳಗ ಎಷ್ಟು ಸೇರಿನದು ಎಂದು ಕೇಳಿದರೆ ಅಂಕಿ ಹೇಳಲೇಬೇಕು, ಇಲ್ಲವೇ ತಪ್ಪಿಸಿಕೊಂಡು ಓಡಬೇಕು. ಕಾಗೋಡಿನವರ ಜಾಣತನ ಅಲ್ಲಿತ್ತು.

ಠರಾವು ಬರೆಯುವ ಸಮಿತಿಯವರು ದಿಲ್ಲಿ, ಬೆಂಗಳೂರುಗಳಿಗೆ ಕಳಿಸಲು ಹನ್ನೆರಡು ಠರಾವು ಸಿದ್ಧಮಾಡಿದ್ದಾರೆ. ಕಳಿಸಲಿ. ನನ್ನದು ಅದಕ್ಕಿಂತ ಸಣ್ಣ ಕೋರಿಕೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಲೆಕ್ಕದ ಪುಸ್ತಕವನ್ನೂ ಮಾಡಿದ ಕಾಮಗಾರಿಯನ್ನೂ ಜನರೆದುರು ಇಡಬೇಕು. ಹಲವು ಕಡೆ ಅದು ಹತ್ತು ಸಹಿ, ಒಂದು ಕಾಫಿಯಲ್ಲಿ ಮುಗಿದುಹೋಗುತ್ತದೆ. ಈ ಸಲ ಹೋಗಿ. ಅಂದಾಜುಪಟ್ಟಿಯ ಪ್ರತಿ ಮೊದಲೇ ಪಡೆದುಕೊಳ್ಳಿ, ಅಳತೆ ಟೇಪು ಜೊತೆಗಿರಲಿ, ಚರಂಡಿಯ ಉದ್ದ ಅಳೆಯಿರಿ. ಅಧ್ಯಕ್ಷರು ನಿಮ್ಮ ಪಕ್ಷದವರೋ, ನಿಮ್ಮ ಬೀಗರೋ ಆಗಿದ್ದರೆ ಮೊದಲ ಪ್ರಶ್ನೆಯನ್ನು ನೀವೇ ಕೇಳಿ.