ಬಿಸ್ಮಿಲ್ಲಾದ ಮರುದಿನ

(ಮದ್ರಸವೊಂದರ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸುವ ಸಂಪ್ರದಾಯ ನಮ್ಮ ಉರ್ದು ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೊಸ ಶೇರ್ವಾನಿ ತೊಟ್ಟ ಮಗು ಮೌಲಾನಾರ ಎದುರು ಕುಳಿತು ಸೂರಃ ಅಲಕ್‌ನ ಆರಂಭದ ಸೂಕ್ತಗಳನ್ನು ಅವರ ಹಿಂದೆಯೇ ಉಚ್ಚರಿಸುತ್ತದೆ. ಓದಬೇಕೆಂಬ ಆಜ್ಞೆಯೊಂದಿಗೆ ಅವತೀರ್ಣವಾದ ಆ ಸೂಕ್ತಗಳಿಗಿಂತ ಉತ್ತಮವಾದ ಪ್ರಥಮ ಪಾಠ ಇನ್ನಾವುದಿದ್ದೀತು? ವಿಜಯದಶಮಿಯಂದು ಅಕ್ಕಿಯ ಮೇಲೆ ಅಕ್ಷರ ಬರೆಯಿಸುವ ನೆರೆಮನೆಯವರ ಹಂಬಲವೂ ಇದೇ. ಅಕ್ಷರವು ಗೌರವದೊಂದಿಗೆ ಮಗುವಿನ ಬಾಳನ್ನು ಪ್ರವೇಶಿಸಬೇಕು.

ಆದರೆ ಈ ನಾಲ್ಕರ ಲೆಕ್ಕಕ್ಕೆ ಕುರ್‌ಆನ್‌ನಲ್ಲಾಗಲಿ ಹದೀಸ್‌ನಲ್ಲಾಗಲಿ ಆಧಾರವಿಲ್ಲ. 1943ರಲ್ಲಿ ನಿಧನರಾದ ಮೌಲಾನಾ ಅಶ್ರಫ್ ಅಲಿ ಥಾನವಿಯವರು 'ಬಹಿಶ್ತಿ ಝೇವರ್'ನಲ್ಲಿ ಈ ರೂಢಿಯನ್ನು ವಿಮರ್ಶಿಸಿದ್ದಾರೆ. ಸೋಜಿಗವೆಂದರೆ, ಆ ಗ್ರಂಥವನ್ನು ಮದುಮಗಳಿಗೆ ಉಡುಗೊರೆಯಾಗಿ ಕೊಡುವ ಮನೆಗಳಲ್ಲಿಯೇ ಈ ಲೆಕ್ಕವೂ ಸುರಕ್ಷಿತವಾಗಿ ಉಳಿದಿದೆ!

ನಾನು ಆಚರಣೆಗಳ ವಿರೋಧಿಯಲ್ಲ. ಜ್ಞಾನವನ್ನು ಕಾಪಾಡಿದ ಆಚರಣೆಗಳು ನಮ್ಮ ಚರಿತ್ರೆಯಲ್ಲಿವೆ. ಹದೀಸ್ ವಿದ್ಯಾರ್ಥಿಯು ಗುರುವಿನ ಮುಂದೆ ಗ್ರಂಥವನ್ನು ಓದಬೇಕು, ಗುರು ಅದನ್ನು ಆಲಿಸಿ ತಿದ್ದಬೇಕು; ಆ ಬಳಿಕವೇ ಇಜಾಝತ್. ಅದರೊಂದಿಗೆ ಶಿಷ್ಯನ ಹೆಸರು ಗುರುಗಳ ಸುದೀರ್ಘ ಸರಪಳಿಗೆ ಸೇರುತ್ತದೆ. 11ನೇ ಶತಮಾನದಲ್ಲಿ ಮಕ್ಕಾದಲ್ಲಿ ಕರೀಮಾ ಅಲ್ ಮರ್ವಝಿಯ್ಯಾ ಎಂಬ ವಿದ್ವಾಂಸೆ ಸಹೀಹ್ ಬುಖಾರಿಯನ್ನು ಬೋಧಿಸುತ್ತಿದ್ದರು. ಹೆಸರಾಂತ ಇತಿಹಾಸಕಾರ ಖತೀಬ್ ಅಲ್ ಬಗ್ದಾದಿ ಐದು ದಿನಗಳಲ್ಲಿ ಆ ಬೃಹತ್ ಗ್ರಂಥವನ್ನು ಅವರ ಬಳಿ ಓದಿ ಮುಗಿಸಿದರು. ಅಲ್ಲಿ ಪರಿಶ್ರಮವೇ ಸಮಾರಂಭವಾಗಿತ್ತು. ಹುಡುಗನ ಕುರ್‌ಆನ್ ಖತಮ್‌ಗೆ ಶಾಮಿಯಾನ, ಹುಡುಗಿಯ ಖತಮ್‌ಗೆ ಅಡುಗೆಮನೆಯಲ್ಲಿ ಒಂದು ತಟ್ಟೆ ಸಿಹಿ ಎಂದು ಭೇದವೆಣಿಸುವ ನಾವು ಕರೀಮಾರ ಹೆಸರನ್ನು ಮಕ್ಕಳಿಗೆ ಹೇಳಿದ್ದೇವೆಯೇ?

ಸಹೀಹ್ ಬುಖಾರಿಯ ಮೊದಲ ಹದೀಸ್ ಉದ್ದೇಶಶುದ್ಧಿಯ ಕುರಿತಾದುದು. ಇಂದು ಖತ್ಮೆ ಬುಖಾರಿಯ ರಾತ್ರಿ ಅದರ ಕೊನೆಯ ಹದೀಸ್ ಕೇಳಲು ಜನಸಾಗರವೇ ನೆರೆಯುತ್ತದೆ. ಮೊದಲ ಹದೀಸ್‌ನ ಪಾಠಕ್ಕೆ ತರಗತಿಯ ಹುಡುಗರಷ್ಟೇ ಇರುತ್ತಾರೆ.

ನಾನು ಕಲಿತ ಮದ್ರಸದಲ್ಲಿ ಹಾಫಿಝ್‌ಗಳಿಗೆ ಪೇಟ ತೊಡಿಸುವ ದಿನ ಊರಿಗೆ ಊರೇ ಸೇರಿತ್ತು. ನನ್ನ ಗೆಳೆಯನೊಬ್ಬ 22 ಜುಝ್ ಕಂಠಪಾಠ ಮಾಡಿದ್ದ. ತಂದೆಯ ಕಾಯಿಲೆಯಿಂದಾಗಿ ಉಳಿದ ಎಂಟು ಬಾಕಿಯಾಗಿದ್ದವು. ಆತನಿಗೆ ಅತಿಥಿಗಳಿಗೆ ಶರಬತ್ತು ಹಂಚುವ ಕೆಲಸ ವಹಿಸಲಾಗಿತ್ತು. ವೇದಿಕೆಯಿಂದ ಆತನ ಹೆಸರನ್ನು ಯಾರೂ ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ಹೇಳಲಿಲ್ಲ. ರಜೆ ಮುಗಿದ ಬಳಿಕ ಆತ ಮರಳಿ ಬರಲಿಲ್ಲ.

6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯನ್ನೇ ಕಾಣದವರು ಅಥವಾ ಅರ್ಧಕ್ಕೆ ಬಿಟ್ಟವರು ಎಂದು ಸಾಚಾರ್ ಸಮಿತಿ 2006ರಲ್ಲಿ ವರದಿ ಮಾಡಿತು. ಅವರಲ್ಲಿ ಎಷ್ಟೋ ಮಕ್ಕಳ ಬಿಸ್ಮಿಲ್ಲಾ ಸಮಾರಂಭವೂ ಸಡಗರದಿಂದ ನಡೆದಿರಬಹುದು. ಆರಂಭಕ್ಕೂ ಮುಕ್ತಾಯಕ್ಕೂ ನಮ್ಮಲ್ಲಿ ಆಚರಣೆಗಳಿವೆ. ಆದರೆ ಐದನೇ ತರಗತಿಯಲ್ಲಿ ಎಡವಿದ ಮಗುವಿನ ಮನೆಯ ಬಾಗಿಲು ತಟ್ಟುವ ಆಚರಣೆ ಇಲ್ಲ.

ಇಂದಿನ ಸಭೆಯ ಕಾರ್ಯಸೂಚಿಯಲ್ಲಿ ಮುಂದಿನ ತಿಂಗಳ ವಾರ್ಷಿಕೋತ್ಸವದ ಖರ್ಚಿನ ವಿಷಯವಿದೆ. ಈ ವರ್ಷ ಮದ್ರಸಕ್ಕೆ ಬರುವುದನ್ನು ನಿಲ್ಲಿಸಿದ ಮಕ್ಕಳ ಪಟ್ಟಿ ಉಸ್ತಾದರ ಬಳಿಯಿದೆ. ಶಾಮಿಯಾನದ ಚರ್ಚೆಗೆ ಮುನ್ನ ಆ ಪಟ್ಟಿಯನ್ನು ಓದಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ.