ಸಸ್ಯವಿಜ್ಞಾನದ ಅಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಸಿದ್ಧತೆ



1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದ ಮೇಲೂ ನಾವು ಮಕ್ಕಳನ್ನು ಕನ್ನಡದಲ್ಲಿ ಓದಿಸುತ್ತಲೇ ಬಂದಿದ್ದೇವೆ. ಸಸ್ಯವಿಜ್ಞಾನದಲ್ಲಿ ಉನ್ನತ ಪದವಿ ಪಡೆದವರೂ ಅಧ್ಯಾಪಕ ಹುದ್ದೆಯ ಸಂದರ್ಶನವೆಂದರೆ ಇಂಗ್ಲಿಷಿಗೆ ಅಳುಕುತ್ತಾರೆ. ಆ ಅಳುಕು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ತಾವು ಹೊಲದಲ್ಲಿ ಕಂಡದ್ದು ಶಾಸ್ತ್ರವಲ್ಲವೆಂದು ಬಗೆಯುವುದು ಅದಕ್ಕಿಂತ ದೊಡ್ಡ ಕೊರತೆ.

ಸಂಕರ ಹತ್ತಿಬೀಜಕ್ಕೆ ಅಷ್ಟು ಬೆಲೆಯೇಕೆ ಎಂದು ಕೇಳಿದರೆನ್ನಿ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ ನೀಡಿದ ವರಲಕ್ಷ್ಮಿಯು ಹತ್ತಿಯ ಎರಡು ಬೇರೆ ಜಾತಿಗಳ ಸಂಕರ. ಹತ್ತಿಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ, ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಕಿತ್ತು, ಮರುದಿನ ಮುಂಜಾನೆ ಗಂಡುಸಾಲಿನ ಪರಾಗವನ್ನು ಹಚ್ಚಬೇಕು. ಒಂದೊಂದು ಹೂವಿಗೂ ಹೀಗೆಯೇ. ಕೂಲಿಯೇ ಬೆಲೆಯಾಯಿತು. ಬೀಜದ ಹೊಲಗಳಲ್ಲಿ 'ಕ್ರಾಸಿಂಗ್'ಗೆ ಹೋದ ನಮ್ಮ ತಾಯಂದಿರು ಇದನ್ನು ಬಲ್ಲರು. ಪುಸ್ತಕದಲ್ಲಿ ಮಾತ್ರ ಓದಿದವರ ಉತ್ತರಕ್ಕೆ ಈ ಬಲವೆಲ್ಲಿ?

ಆದುದರಿಂದ ಅಭ್ಯರ್ಥಿಯು ತನ್ನ ಪ್ರಬಂಧದ ಸಾರವನ್ನು ಮೊದಲು ಮನೆಯವರಿಗೆ ಐದು ನಿಮಿಷಗಳಲ್ಲಿ ಕನ್ನಡದಲ್ಲಿ ತಿಳಿಸಲಿ. ಅವರಿಗೆ ಅರ್ಥವಾದ ಮೇಲೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ರೂಢಿಸಲಿ. ಕರೆದ ಸಂಸ್ಥೆಯ ಸುತ್ತಲಿನ ಬೆಳೆ ಯಾವುದು, ಅಲ್ಲಿ ಏನನ್ನು ಬೋಧಿಸುತ್ತಾರೆ, ತಾನು ಅಲ್ಲಿ ಯಾವ ಸಂಶೋಧನೆ ನಡೆಸಬಲ್ಲೆ ಎಂಬುದನ್ನು ಅರಿತಿರಬೇಕು. ಪಾಠ ಮಾಡಿ ತೋರಿಸೆಂದರೆ ಒಂದು ಹೂವೂ ಕರಿಹಲಗೆಯೂ ಸಾಕು. ತಿಳಿಯದುದನ್ನು ತಿಳಿಯದೆನ್ನಬೇಕು, ಸುತ್ತುಬಳಸಿದರೆ ಪರೀಕ್ಷಕರು ಬಿಡರು.

ಹಿರಿಯರಲ್ಲಿಯೂ ಒಂದು ಬಿನ್ನಹ. ಸಂದರ್ಶನದ ವಾರ ಮಗಳನ್ನಾಗಲಿ ಮಗನನ್ನಾಗಲಿ ಹತ್ತಿ ಬಿಡಿಸಲು ಕರೆಯದಿರಿ. ಮೂಲ ಪ್ರಮಾಣಪತ್ರಗಳನ್ನು ಕೈಗಿತ್ತು, ಹಿಂದಿನ ದಿನವೇ ಆಸ್ಪರಿಯಲ್ಲಿ ರೈಲು ಹತ್ತಿಸಿರಿ.